ಸಾಕ್ಷಿ ಹೇಳುವವನ ಬಾಯಿಯಲ್ಲಿ ನಮ್ಮ ಓಣಿ

ಅವನು ಮೈಕ್ ಹಿಡಿದು ಅಳಲು ಶುರು ಮಾಡಿದರೆ ನನಗೆ ಹೇಸಿಗೆಯಾಗುತ್ತದೆ. ಪಶ್ಚಾತ್ತಾಪ ಪಟ್ಟವನ ಬಗ್ಗೆ ಹೀಗೆ ಬರೆಯಬಾರದು, ಕ್ಷಮಿಸಬೇಕು ಎಂದು ನಮ್ಮ ಪ್ರಾರ್ಥನಾ ಮನೆಯಲ್ಲಿ ಹೇಳುತ್ತಾರೆ. ಕ್ಷಮಿಸಿದ್ದಾಳೆ ನನ್ನ ಅವ್ವ. ನನಗಿನ್ನೂ ಆಗಿಲ್ಲ.

ಬನಹಟ್ಟಿಯ ನೇಕಾರರ ಓಣಿಯಲ್ಲಿ ಅವ್ವನದು ಕೈಮಗ್ಗದ ಮನೆ. ಯೇಸುವನ್ನು ನಂಬಿದ ಮೇಲೆ ಅವಳು ಭಾನುವಾರ ಮಗ್ಗದ ಕೋಣೆಯಲ್ಲೇ ನಾಲ್ಕು ಜನರನ್ನು ಕೂಡಿಸಿ ಪ್ರಾರ್ಥನೆ ಮಾಡುತ್ತಿದ್ದಳು. ಅದನ್ನು ಸಹಿಸದೆ, ಬೇರೆ ಓಣಿಯವನಾದ ಇವನು, ಈಗ ಮೈಕ್ ಹಿಡಿದು ಅಳುವವನು, ಒಂದು ದಿನ ಗೆಳೆಯರನ್ನು ಕಟ್ಟಿಕೊಂಡು ಬಂದು, ಕುಡಗೋಲಿನಿಂದ ಮಗ್ಗಕ್ಕೆ ಉದ್ದುದ್ದ ಬಿಗಿದ ಎಳೆಗಳ ಹಾಸನ್ನು ಅಡ್ಡಡ್ಡ ಕೊಯ್ದುಹಾಕಿದ. ನೆಯ್ದ ಬಟ್ಟೆ ಹರಿದರೆ ಒಂದು ಸೀರೆ ಹೋಗುತ್ತದೆ. ಹಾಸು ಕೊಯ್ದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಅವನೂ ನೇಕಾರರ ಮಗ. ಎಲ್ಲಿ ಕೊಯ್ದರೆ ನೋಯುತ್ತದೆ ಎಂದು ಗೊತ್ತಿದ್ದೇ ಕೊಯ್ದಿದ್ದ.

ಜಮಖಂಡಿಯ ಕಚೇರಿಯಿಂದ ನಾನು ಓಡಿ ಬಂದಾಗ ಬಾಜೂ ಮನೆಯ ಕಾಕು ಆಗಲೇ ಮಗ್ಗದ ಮುಂದೆ ಕೂತು ಎಳೆ ಕೂಡಿಸುತ್ತಿದ್ದಳು. ಹಣೆತುಂಬ ವಿಭೂತಿ ಹಚ್ಚುವ ಹೆಂಗಸು, ನಮ್ಮ ಪ್ರಾರ್ಥನೆಗೆ ಒಂದು ದಿನವೂ ಬಂದವಳಲ್ಲ. ಓಣಿಯ ಇನ್ನಷ್ಟು ಹೆಂಗಸರು ಅವಳ ಜೊತೆಗಿದ್ದರು. "ದೇವರ ಜಗಳಾ ದೇವರು ನೋಡ್ಕೋತಾವ, ಮಗ್ಗಾ ಏನ ಮಾಡಿತ್ತಬೇ ಪಾಪ," ಎಂದು ಕಾಕು ಅವ್ವನ ಕೈಗೆ ಚಹಾದ ಕಪ್ಪು ಕೊಟ್ಟಳು.

ಅದಾಗಿ ಕೆಲವು ವರ್ಷಕ್ಕೆ ಅವನೇ ಯೇಸುವಿನ ವಿಶ್ವಾಸಿಯಾದ. ಅನಗವಾಡಿಯ ಹತ್ತಿರ ಹೊಳೆಯಲ್ಲಿ ದೀಕ್ಷಾಸ್ನಾನವಾಯಿತು. ಬಂದು ಅವ್ವನ ಕಾಲು ಹಿಡಿದ. ಅವಳು ಎಬ್ಬಿಸಿ ರೊಟ್ಟಿ ಉಣ್ಣಿಸಿದಳು. ಅಷ್ಟಕ್ಕೆ ನಿಂತಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಮೊದಮೊದಲ ವಿಶ್ವಾಸಿಗಳನ್ನು ಮನೆಮನೆ ಹೊಕ್ಕು ಎಳೆದೊಯ್ದು, ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಕುರುಡಾಗಿ ಬಿದ್ದು, ಕೊನೆಗೆ ಯೇಸುವಿನ ಮಾತು ಸಾರುವ ಅಪೊಸ್ತಲನಾದ ಬೈಬಲಿನ ಆ ಹಳೆಯ ಮನುಷ್ಯ ತಾನೇ ಎಂದು ಇವನಿಗೆ ಅನ್ನಿಸತೊಡಗಿತು. ಮುಧೋಳ, ತುಬಚಿ, ಎಲ್ಲಿ ಪ್ರಾರ್ಥನಾ ಕೂಟವಿದ್ದರೂ, ತಾನು ಹೇಗೆ ಬದಲಾದೆ ಎಂಬ ಇವನ ಸಾಕ್ಷಿ. ಒಂದು ಕುಡಗೋಲು ಹತ್ತು ತಲವಾರಾಯಿತು. ಇಡೀ ಓಣಿಯೇ ಅವ್ವನ ಮೇಲೆ ಏರಿ ಬಂದಿತ್ತಂತೆ, ಅದು "ಕತ್ತಲೆಯ ಓಣಿ"ಯಂತೆ. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ!

ಆ ಸಾಕ್ಷಿಯನ್ನು ಯಾರೋ ಹಿಡಿದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋಗಿ ನಮ್ಮ ಓಣಿಗೂ ಬಂತು. ಕಾಕು ಅಂದಿನಿಂದ ಅವ್ವನ ಜೊತೆ ಮಾತು ಬಿಟ್ಟಳು. ಅವ್ವನಿಗೆ ಊಟ ಸೇರಲಿಲ್ಲ. "ಆಕಿ ನನ್ನ ಮನಿಗೆ ಬರದಂಗ ಆದ್ರ ನಾ ಯಾರ ಜೋಡಿ ಬದಕ್ಲಿ?" ಎಂದು ನನ್ನನ್ನು ಕರೆದುಕೊಂಡು ಬೀಳಗಿಯ ಕೂಟಕ್ಕೆ ಹೊರಟಳು, ಎಲ್ಲರೆದುರು ಅವನ ಸುಳ್ಳನ್ನು ತಿದ್ದಿ ಬರಲು.

ಅಲ್ಲಿ ಅವನು ಅವ್ವನ ಭುಜ ಹಿಡಿದು ಜನರಿಗೆ ತೋರಿಸಿದ, ದನದ ಸಂತೆಯಲ್ಲಿ ಎತ್ತು ತೋರಿಸಿದ ಹಾಗೆ. ಅವ್ವ ಮೈಕ್ ಕಸಿದುಕೊಂಡು, "ಓಣಿ ಮಂದಿ ಹರಿಯಾಕ ಬಂದಿರಲಿಲ್ರೀ, ಕೂಡಿಸಾಕ ಬಂದಿದ್ರು. ಕೊಯ್ದಾಂವ ಇಂವ," ಎಂದಳು. ಜನ ಕೈ ಎತ್ತಿ "ಸ್ತೋತ್ರ! ಸ್ತೋತ್ರ!" ಎಂದರು. ಅವನು ಇನ್ನೂ ಜೋರಾಗಿ ಅತ್ತ. ಅವಳ ಮಾತು ಅವನ ಸಾಕ್ಷಿಗೆ ಒಗ್ಗರಣೆಯಾಯಿತು, ಅಷ್ಟೆ. ನನಗೆ ಅಲ್ಲೇ ಉಗುಳಬೇಕೆನ್ನಿಸಿತು.

ಮುಂದಿನ ಭಾನುವಾರ ಅವನು ಬಾಡಿಗೆ ಕಾರು ತಂದು ಮನೆಯ ಮುಂದೆ ನಿಲ್ಲಿಸಿದ. "ಏಳ್ರಿ ಅವ್ವಾ, ಮುಧೋಳಕ್ಕ ಹೋಗೂಣು. ನೀವಿಲ್ಲಂದ್ರ ಮಂದಿಗೆ ನಂಬಿಗಿ ಬರಂಗಿಲ್ಲ."

"ದಮಸ್ಕದಾಂವ ಕಣ್ಣು ಹೋಗಿ ಮೂರು ದಿನ ಸುಮ್ಮನ ಕುಂತಿದ್ದ ತಮ್ಮಾ. ನೀ ಒಂದ ದಿನಾದ್ರೂ ಕುಂತೀಯೇನು?" ಎಂದಳು ಅವ್ವ. "ಮೊದಲ ಬಾಜೂ ಮನಿ ಕದಾ ಬಡಿ. ತಪ್ಪಾತು ಅನ್ನು."

ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಅವರ ಕಡೆ ಯಾಕವಾ? ಅವರೇನು ನಮ್ಮವರಾ?"

"ನೀ ಕುಡಗೋಲ ತಂದ ದಿನಾ ನಾನೂ ನಿಮ್ಮಾಕಿ ಆಗಿರಲಿಲ್ಲಪಾ."

ಅವನಿಗೆ ಕೂಟಕ್ಕೆ ಹೊತ್ತಾಗುತ್ತಿತ್ತು. ಕಾರು ಹೋಯಿತು. ಅವ್ವ ತಾನೇ ಹೋಗಿ ಕಾಕುವಿನ ಕಟ್ಟೆಯ ಮೇಲೆ ಕೂತಳು. ಮಧ್ಯಾಹ್ನದವರೆಗೂ ಆ ಕದ ತೆರೆಯಲಿಲ್ಲ, ಅವ್ವ ಏಳಲೂ ಇಲ್ಲ.