ಕೊಳವೆ ತೊಳೆದ ದಿನ

ನನ್ನ ಕೈ ಸುಮ್ಮನಿರುವ ಕೈಯಲ್ಲ. ಎಲ್ಲಿ ಕಿಲುಬು ಕಂಡರೂ ತಿಕ್ಕಲೇಬೇಕು. ರಾಯಬಾಗದ ಕಡೆಯ ನಮ್ಮ ಹಳ್ಳಿಯ ಚರ್ಚಿನ ಆರ್ಗನ್ನಿಗೆ ಈ ಚಟವೇ ಮುಳುವಾಯಿತು.

ಬಿಳಿಯ ಪಾದ್ರಿಗಳು ಹಡಗಿನಲ್ಲಿ ತರಿಸಿದ್ದ ವಾದ್ಯವದು. ಮರದ ದೊಡ್ಡ ಪೆಟ್ಟಿಗೆ, ಮೇಲೆ ಸಾಲಾಗಿ ನಿಂತ ತಗಡಿನ ಕೊಳವೆಗಳು. ತಿದಿ ಒತ್ತಿದರೆ ಗಾಳಿ ಕೊಳವೆಗೆ ನುಗ್ಗಿ ಹಾಡಾಗುತ್ತಿತ್ತಂತೆ. ನಾನು ಮದುವೆಯಾಗಿ ಬರುವಷ್ಟರಲ್ಲಿ ತಿದಿಯ ಚರ್ಮವನ್ನು ಇಲಿ ತಿಂದು ವರ್ಷಗಳಾಗಿದ್ದವು. ಅದನ್ನು ನುಡಿಸುತ್ತಿದ್ದ ಮುದುಕ ಮಾಸ್ತರರು ನಮ್ಮ ಎದುರು ಮನೆಯಲ್ಲೇ ಇದ್ದರು. ಕಣ್ಣು ಪೂರ್ತಿ ಹೋಗಿತ್ತು. ಸಾಯುವುದರೊಳಗೆ ಇನ್ನೊಮ್ಮೆ ನುಡಿಸಬೇಕೆಂಬುದೊಂದೇ ಹಂಬಲ. ಯಾರ್ಯಾರ ಕೈಯಲ್ಲೋ ಕಾರ್ಡು ಬರೆಸಿ ಬರೆಸಿ, ಎಂಬತ್ತರ ದಶಕದ ಕೊನೆಗೆ ಮಿರಜದಿಂದ ಹಾರ್ಮೋನಿಯಂ ರಿಪೇರಿಯವನನ್ನು ಕರೆಸಿಯೇಬಿಟ್ಟರು.

ಅವನು ಎಲ್ಲ ನೋಡಿ, "ಕೊಳವಿ ಚಲೋ ಅದಾವ್ರಿ. ಹೊಸಾ ಚಮಡಾ ಹಾಕಿದ್ರ ನುಡಿತೈತಿ. ಕ್ರಿಸ್‌ಮಸ್ಸಿಗಿಂತ ಮೊದಲ ಬರ್ತೀನಿ," ಎಂದು ಹೋದ.

ಹಬ್ಬಕ್ಕೆ ಮನೆಯ ಭಾಂಡೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ನಮ್ಮ ರೂಢಿ. ಚರ್ಚಿನ ಕೊಳವೆಗಳೇನು ಪಾಪ ಮಾಡಿದ್ದವು? ನಾನೇ ಹೆಂಗಸರನ್ನು ಹೊರಡಿಸಿದೆ. ಎಲ್ಲವನ್ನೂ ಕಳಚಿ ಬುಟ್ಟಿಯಲ್ಲಿ ಕಾಲುವೆಗೆ ಒಯ್ದೆವು. ನೋಡಿದರೆ ಪ್ರತಿ ಕೊಳವೆಯ ಬುಡದಲ್ಲಿ ಬಾಯಿಯಂಥ ಒಂದು ಸೀಳು, ಒಳಗೆ ಅದರ ಹತ್ತಿರ ಅಡ್ಡಲಾಗಿ ಒಂದು ತಗಡು.

"ಇಲ್ಲೇ ಕಟ್ಟಿಕೊಂಡೈತಿ ನೋಡ್ರವ್ವಾ. ಗಾಳಿ ಹೆಂಗ ಹೋಗಬೇಕ?" ಎಂದೆ.

ಒಲೆಯ ಊದುಗೊಳವೆ ಕಟ್ಟಿದರೆ ಕಡ್ಡಿ ಹಾಕಿ ತಳ್ಳುವುದು ಯಾರಿಗೆ ಗೊತ್ತಿಲ್ಲ? ಹಾಡುತ್ತ, ನಗುತ್ತ, ಒಂದನ್ನೂ ಬಿಡದೆ ಆ ತಗಡನ್ನು ಗುದ್ದಿ ಕೆಡವಿದೆವು. ಸಂಜೆಗೆ ಕೊಳವೆಗಳು ಥಳಥಳ ಹೊಳೆದವು. ನನಗೋ ಹಿಗ್ಗೇ ಹಿಗ್ಗು.

ಮಿರಜದವನು ಚರ್ಮ ಹಿಡಿದುಕೊಂಡು ಬಂದ. ಒಂದು ಕೊಳವೆ ಎತ್ತಿ ಕಣ್ಣಿಗೆ ಹಿಡಿದ, ಇನ್ನೊಂದು ಎತ್ತಿದ, ಅಲ್ಲೇ ಕುಳಿತುಬಿಟ್ಟ.

"ದನಿ ಹುಟ್ಟೂದ ಆ ತಗಡಿನಿಂದರಿ ಅಕ್ಕಾರ. ಇನ್ನ ಇದು ನುಡಿಯೂದಿಲ್ಲ. ಅದನ್ನ ತಿರಗಿ ಕೂಡ್ರಸವ್ರು ಈ ಸೀಮ್ಯಾಗ ಯಾರೂ ಇಲ್ಲ."

ತಂದ ಚರ್ಮ ಸುತ್ತಿಕೊಂಡು, ಮಿರಜದ ರೈಲು ಹಿಡಿಯಲು ಕುಡಚಿ ಸ್ಟೇಶನ್ನಿಗೆ ಹೊರಟುಹೋದ.

ಮಾಸ್ತರರು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಕಾಯುತ್ತಿದ್ದರು. ಹೇಳಲು ನಾನೇ ಹೋದೆ.

"ಏನಂದಾ ತಂಗಿ?"

"ಒಂದ ಸಾಮಾನು ಮುಂಬೈಯಿಂದ ಬರಬೇಕಂತ್ರಿ. ಈಸ್ಟರ್ ಆಗೂದ್ರಾಗ ಬರ್ತಾನಂತ."

"ಹಂಗಾರ ಬೆರಳ ಪಳಗಿಸ್ಕೋಬೇಕ," ಎಂದು ನಕ್ಕರು.

ಮರುದಿನದಿಂದ ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡು ಬೆರಳಾಡಿಸತೊಡಗಿದರು. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, "ಬಂತೇನವ್ವಾ ಸಾಮಾನು?" "ಬರಾಕತ್ತೈತ್ರಿ." ಕಾಲುವೆಗೆ ಬಂದಿದ್ದ ಹೆಂಗಸರೂ ಅವರೆದುರು ಬಾಯಿ ಬಿಡಲಿಲ್ಲ. ಎರಡು ಈಸ್ಟರ್ ಹೀಗೇ ಕಳೆದವು. ಕೊಳವೆ ಕೆಡಿಸಿದ್ದು ತಿಳಿಯದೆ, ದೇವರು ಕ್ಷಮಿಸಿಯಾನು. ಈ ಸುಳ್ಳು ತಿಳಿದೇ ಹೇಳಿದ್ದು.

ಕೊನೆಯ ವಾರ ಅವರು ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿದರು. ಈಗಲಾದರೂ ಹೇಳಿಬಿಡಬೇಕೆಂದೇ ಹೋದೆ.

"ತಂಗಿ, ನನಗ ಇನ್ನ ಕೂಡಾಕ ಆಗೂದಿಲ್ಲ. ಅಂವಾ ಬಂದ್ರ ನನ್ನ ಸಲುವಾಗಿ ಕಾಯಬ್ಯಾಡಂತ ಹೇಳು. ಸಾಮಾನು ಹಾಕಿ ಹೋಗ್ಲಿ, ಬ್ಯಾರೇದವ್ರು ಯಾರರ ನುಡಸ್ತಾರ."

"ಆತ್ರಿ ಮಾಸ್ತರ, ಹೇಳತೀನಿ," ಎಂದೆ.