ಸುಳ್ಳುಗುಪ್ಪೆ ಕೆಡಹುವ ಜೆನೆಟ್

ಬೆಳಕು ಇನ್ನೂ ಸರೋವರದ ನೀರಿಗೆ ಇಳಿದಿಲ್ಲ. ಮೇಲೆ, ಕತ್ತಿಯ ಬಾಯಿಯಂಥ ಬೆಟ್ಟದ ಏಣಿನ ಮೇಲೆ ಜೆನೆಟ್ ಟೈಸನ್ ಒಂದು ಕಲ್ಲುಗುಪ್ಪೆಯ ಮುಂದೆ ನಿಂತಿದ್ದಾರೆ. ಕೈಯಲ್ಲಿ ಹಾರೆ. ಇಂಥ ಗುಪ್ಪೆ ಕೆಡಹುವುದೇ ಅವರ ಕೆಲಸ. ಇವತ್ತು ಮಾತ್ರ ಹಾರೆ ಏಳುತ್ತಿಲ್ಲ.

ಶಿಖರಕ್ಕೆ ಹೋಗುವವರು ಸಿಕ್ಕಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು, ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಮಂಜು ಕವಿದರೆ ಹಿಂದೆ ಬರುವವರಿಗೆ ಆ ಗುಪ್ಪೆಯೇ ದಾರಿಗುರುತು. ನಂಬಿ ತಿರುಗಿದರೆ ಕೊರಕಲು. ಕೊರಕಲಿನ ಕೊನೆಗೆ ನೆಲವೇ ಇಲ್ಲ. ಗಾಳಿ ಇರಲಿ, ಮಂಡಿ ನೋಯಲಿ, ಜೆನೆಟ್ ದಿನಾ ಏಣು ಹತ್ತಿ ಸುಳ್ಳುಗುಪ್ಪೆಗಳನ್ನು ನೆಲಸಮ ಮಾಡುತ್ತಾರೆ. ಬೈಗುಳವೂ ತಪ್ಪಿದ್ದಲ್ಲ.

"ಏನಮ್ಮಾ, ನಾವು ಕಟ್ಟಿದ್ದು ಕಂಡ್ರೆ ನಿಂಗೆ ಕಣ್ಣುರೀನಾ?" ಎಂದನಂತೆ ಮೊನ್ನೆ ಒಬ್ಬ.

"ಕಣ್ಣಲ್ಲ ಸ್ವಾಮಿ, ಬೆನ್ನು. ನೀವು ಬಿದ್ರೆ ಹೊತ್ಕೊಂಡು ಇಳಿಸೋರು ನಮ್ಮೂರೋರೇ."

ಶಿಖರದ ಮೇಲೆ ದೊರೆಯೊಬ್ಬನ ಹೆಸರು ಕೆತ್ತಿದ ಕಲ್ಲಿನ ಫಲಕವಿದೆ. ಆತ ಒಂದೇ ಒಂದು ಸಲ ಬಂದದ್ದು, ಅದೂ ನಾಲ್ವರ ಹೆಗಲ ಮೇಲೆ, ಕುರ್ಚಿಯಲ್ಲಿ ಕೂತು. ಹೊತ್ತ ಆ ನಾಲ್ವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ದಾರಿ ಹಾಸಿದವರದ್ದೂ ಇಲ್ಲ. ಬೆಟ್ಟ ಅವರದಂತೆ, ಬೆನ್ನು ಮಾತ್ರ ನಮ್ಮದು ಎನ್ನುತ್ತಾರೆ ಊರವರು.

ಈ ಕೆಲಸ ಕಲಿಸಿದ್ದು ಜೆನೆಟ್‌ರ ಅಪ್ಪ ಐಸಾಕ್. ಹೋದ ವಾರ ಅವರಿಗೆ ಎಂಬತ್ತು ತುಂಬಿದಾಗ ಪಬ್ಬಿನ ಗೆಳೆಯರೆಲ್ಲ ಮೇಲೆ ಹತ್ತಿ, ಐಸಾಕ್ ರೊಟ್ಟಿ ಬಿಚ್ಚಿ ತಿನ್ನಲು ಕೂರುತ್ತಿದ್ದ ಜಾಗದಲ್ಲೇ ಅವರ ಹೆಸರಿನಲ್ಲಿ ಗುಪ್ಪೆ ಕಟ್ಟಿದರು. ಗಾರೆಯಿಲ್ಲದೆ ಕುರಿದೊಡ್ಡಿಯ ಕಲ್ಲುಗೋಡೆ ಕಟ್ಟಿ ಪಳಗಿದ ಕೈಗಳು. ಬಿರುಗಾಳಿಗೂ ಅಲುಗದ ಹಾಗೆ, ಕೆಳಗೆ ಅವರ ಅಡುಗೆಮನೆಯ ಕಿಟಕಿಗೂ ಕಾಣುವ ಹಾಗೆ ಕಟ್ಟಿದರು. ಚಂದ ಕಟ್ಟಿದ್ದೇ ಎಡವಟ್ಟಾಯಿತು. ಜಾಗ ಕೊರಕಲಿನ ಬಾಯಿ. ಇಷ್ಟು ಚಂದದ ಗುಪ್ಪೆಯನ್ನು ಯಾರು ತಾನೆ ನಂಬುವುದಿಲ್ಲ? ಐಸಾಕ್ ಬಂದವರಿಗೆಲ್ಲ ದುರ್ಬೀನು ಕೊಟ್ಟು ತೋರಿಸುತ್ತಾರೆ: "ನೋಡ್ರೋ, ದೊರೆಯ ಕಲ್ಲಿಗಿಂತ ಎತ್ತರ!"

"ವಾರದಿಂದ ಇದರ ಪಕ್ಕದಲ್ಲೇ ಹಾದು ಹೋಗ್ತಿದೀನಿ," ಎನ್ನುತ್ತಾರೆ ಅದೇ ಗುಪ್ಪೆಯ ಮುಂದೆ ನಿಂತ ಜೆನೆಟ್. "ಮಂಜಿರಲಿಲ್ಲ, ಅದೇ ನೆಪ. ಅಪ್ಪನ ಮುಖ ನೆನೆಸ್ಕೊಂಡ್ರೆ ಕೈಯೇ ಬರಲ್ಲ."

ಪಡುವಣದಿಂದ ಬಿಳಿ ಮಂಜು ಏಣಿನತ್ತ ತೆವಳುತ್ತಿದೆ. ಜೆನೆಟ್ ಅದನ್ನೊಮ್ಮೆ ನೋಡಿ ಗುಪ್ಪೆಯ ನೆತ್ತಿಯ ಕಲ್ಲಿಗೆ ಹಾರೆ ಹಾಕುತ್ತಾರೆ. ಕೆಡವಿದ ಕಲ್ಲನ್ನು ಎಸೆಯುವುದಿಲ್ಲ. ದಾರಿ ಸವೆದು ಜಾರುವ ಕಡೆ ಒಂದೊಂದಾಗಿ ಮೆಟ್ಟಿಲು ಹಾಸುತ್ತಾರೆ.

ಮನೆಗೆ ಇಳಿದಾಗ ಐಸಾಕ್ ಕಿಟಕಿಯಿಂದ ತಿರುಗುವುದೇ ಇಲ್ಲ.

"ಕೆಡವಿದ್ಯಾ?"

"ಹೂಂ ಅಪ್ಪ."

"ಕಟ್ಟಿದ ದಿನಾನೇ ಕೆಡವ್ಬೇಕಿತ್ತು. ಇವಳು ಯಾವಾಗ ಹಾರೆ ಎತ್ತುತಾಳೆ ಅಂತ ಕಾದೂ ಕಾದೂ ಸಾಕಾಯ್ತು."

"ನೀನೇ ಎಲ್ಲರನ್ನೂ ಕರ್ದು ತೋರಿಸ್ತಿದ್ಯಲ್ಲಪ್ಪಾ!"

"ಇದ್ದಷ್ಟು ದಿನ ಮೆರೀಬಾರ್ದೇನೇ?" ಮುದುಕ ಈಗ ತಿರುಗುತ್ತಾರೆ. "ಕಲ್ಲೇನ್ ಮಾಡ್ದೆ?"

"ಮೆಟ್ಲು ಹಾಕ್ದೆ."

"ಅಲುಗುತ್ವಾ?"

"ನೀನೇ ಹತ್ತಿ ನೋಡು."

ಐಸಾಕ್ ಮೇಜಿನ ಕೆಳಗೆ ಬೂಟು ಹುಡುಕತೊಡಗುತ್ತಾರೆ. ನಿಮ್ಮ ಹೆಸರಿನದೂ ಒಂದು ಫಲಕ ಬೇಡವೇ ಎಂದು ಕೇಳಿದರೆ ಜೆನೆಟ್ ಚಹಾ ಬಗ್ಗಿಸುತ್ತಾ ನಗುತ್ತಾರೆ.

"ಅಯ್ಯೋ, ಅದ್ಯಾಕೆ? ಆ ಮೆಟ್ಲ ಮೇಲೆ ಯಾರೂ ಕಾಲ್ ಕಡೆ ನೋಡದೆ ನಡೀಲಿ. ಸರೋವರ ನೋಡ್ಕೊಂಡು ಹೋಗ್ಲಿ. ಅಷ್ಟೇ."