ನಾಳೆ ನೀರು ಬರುತ್ತದೆ ಎನ್ನುವ ಏಜೆಂಟ್

ನಮ್ಮ ಗದಗ-ಬೆಟಗೇರಿಯಲ್ಲಿ ಏಜೆಂಟ್ ಎಂಬ ಮಾತು ಕಿವಿಗೆ ಬಿದ್ದರೆ ಜನ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ವಿಮೆ ಮಾಡಿಸುವವನು, ಪ್ಲಾಟು ಮಾರಿಸುವವನು, ಲೈಸೆನ್ಸ್ ಕೊಡಿಸುವವನು ಎಲ್ಲರೂ ಏಜೆಂಟರೇ. ಹಾಗಾಗಿ ಒಂದು ಸಂಜೆ ನಾನು ಮನೆಗೆ ಬಂದು, "ಇವತ್ತ ಆಫೀಸಿನ್ಯಾಗ ಒಬ್ಬ ಏಜೆಂಟನ್ನ ಕುಂಡ್ರಿಸಿ ಬಂದೆ" ಎಂದಾಗ, ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ "ಕಮಿಷನ್ ಎಷ್ಟ ತಗೋತಾನ?" ಎಂದು ಕೇಳಿದ್ದರಲ್ಲಿ ತಪ್ಪೇನಿಲ್ಲ.

ನನ್ನ ಏಜೆಂಟ್ ಮನುಷ್ಯನಲ್ಲ. ಊರಿಗೆ ನೀರು ಬಿಡುವ ಗುತ್ತಿಗೆ ಹಿಡಿದ ಒಂದು ಕಂಪನಿಯಲ್ಲಿ ನನಗೆ ಕಂಪ್ಯೂಟರ್ ಕೆಲಸ. ಮನೆಮನೆಯ ನಳದ ವಿವರವಿರುವ ಡೇಟಾಬೇಸ್ ನನ್ನ ಸುಪರ್ದಿನಲ್ಲಿತ್ತು. ಅದರ ಪಕ್ಕದಲ್ಲಿ ಸದಾ ಎಚ್ಚರವಾಗಿ ಕೂತು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮಿಗೆ ಏಜೆಂಟ್ ಎನ್ನುತ್ತಾರೆ. ನಾಳೆ ಯಾವ ಓಣಿಯ ಪಾಳಿಯೋ ಆ ಓಣಿಯವರ ಮೊಬೈಲಿಗೆ ಹಿಂದಿನ ಸಂಜೆಯೇ "ನಾಳೆ ನಿಮ್ಮ ಓಣಿಗೆ ನೀರು ಬರುತ್ತದೆ" ಎಂದು ಕಳಿಸುವುದು ಅದರ ಕೆಲಸ.

ಅದನ್ನು ಕೂರಿಸುವುದು ಮನೆ ಅಳಿಯನನ್ನು ತಂದಿಟ್ಟುಕೊಂಡಷ್ಟೇ ನಾಜೂಕು. ಅದಕ್ಕೊಂದು ಹೆಸರು ಕೊಡಬೇಕು, ಪಾಸ್‌ವರ್ಡ್ ಕೊಡಬೇಕು, ಎಲ್ಲಿ ಕೈ ಹಾಕಬಹುದು ಎಲ್ಲಿ ಹಾಕಬಾರದು ಎಂದು ಗೊತ್ತು ಮಾಡಬೇಕು. ಸಲಿಗೆ ಕಡಿಮೆಯಾದರೆ ಮುನಿಸಿಕೊಂಡು ಏಳುವುದೇ ಇಲ್ಲ. ಹೆಚ್ಚಾದರೆ ಇದ್ದಬದ್ದದ್ದನ್ನೆಲ್ಲ ಅಳಿಸಿ ಕೂತೀತು. ಮೊದಲು ಅದು ಲಂಡನ್ನಿನ ಗಡಿಯಾರ ನೋಡಿಕೊಂಡು ಏಳುತ್ತಿತ್ತು, ಅದನ್ನು ಗದಗಿನ ಹೊತ್ತಿಗೆ ಇಳಿಸಿದೆ. ಕೊನೆಗೊಮ್ಮೆ ನನ್ನ ಮೊಬೈಲಿಗೇ ಸಂದೇಶ ಬಂತು, ಪರದೆಯ ಮೇಲೆ "ಯಶಸ್ವಿ" ಎಂಬ ಹಸಿರು ಅಕ್ಷರ ಮೂಡಿತು. ನಮ್ಮ ಆಫೀಸಿನ ಸಾಹೇಬರು ಖುಷಿಯಾಗಿ ಪೇಢೆ ತರಿಸಿದರು. ಫಲದ ಗೊಡವೆಯಿಲ್ಲದೆ ಕರ್ಮ ಮಾಡಬೇಕೆಂದು ದೊಡ್ಡವರು ಹೇಳುತ್ತಾರಲ್ಲ, ಹಾಗೆ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಈ ಏಜೆಂಟಿನಲ್ಲಿ ಮಾತ್ರ.

ನಮ್ಮ ಗೋಡೆಯಾಚೆ ಕಾಶವ್ವನ ಮನೆ. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಗಟ್ಟಿ ಹೆಂಗಸು. ಮುಂಡರಗಿಯಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ಕಾಶವ್ವ ಸೀರೆ ಮಡಚಿ ಚೀಲಕ್ಕೆ ತುಂಬಿ ಬಸ್ಸಿಗೆ ಹೊರಟವಳು, ಅಷ್ಟರಲ್ಲಿ ಮೊಬೈಲು ಗುಂಯ್ ಎಂದಿತಂತೆ. "ನಾಳಿ ನೀರ ಬರ್ತಾವಂತ. ಹಿಡದಿಟ್ಟು ಮಧ್ಯಾಹ್ನ ಹೋಗ್ತೀನಿ" ಎಂದು ಗೋಡೆಯ ಮೇಲಿಂದ ನನಗೇ ಹೇಳಿದಳು. ನಮ್ಮ ಓಣಿಯಲ್ಲಿ ಒಂದು ಪಾಳಿ ತಪ್ಪಿದರೆ ಮುಂದಿನದಕ್ಕೆ ಎಷ್ಟು ಕಾಯಬೇಕೋ ದೇವರೇ ಬಲ್ಲ. "ಹಂಗ ಮಾಡ್ರಿ" ಎಂದೆ.

ಬೆಳಿಗ್ಗೆ ಅವಳು ಕೊಡಗಳನ್ನು ಸಾಲಾಗಿಟ್ಟು ನಳದ ಮುಂದೆ ಕೂತಳು. ಎಲ್ಲೋ ಪೈಪು ಒಡೆದಿತ್ತು, ನೀರು ಬರಲಿಲ್ಲ. ಮಧ್ಯಾಹ್ನ ಬಂದದ್ದು ಅಕ್ಕ ಹೋದ ಖಬರು.

ಅಕ್ಕನ ಮಣ್ಣು ಮುಗಿಸಿ ಅವಳು ಮರಳಿದ ಮೇಲೆ ಮಾತನಾಡಿಸಲು ಹೋದೆ.

"ಕಡೀಕ ನನ್ನ ಹೆಸರ ಹಿಡದು ಕೇಳಿದ್ಲಂತ, ಕಾಶಿ ಬಂದ್ಳೇನು ಅಂತ" ಎಂದಳು. ಆಮೇಲೆ ಚಹಾದ ಕಪ್ಪು ನನ್ನ ಮುಂದಿಡುತ್ತ, "ಆ ಮೆಸೇಜ್ ಕಳಸೋರು ಯಾರು ಯವ್ವಾ? ನೀರ ಅದಾವೋ ಇಲ್ಲೋ ಒಮ್ಮೆ ನೋಡಬಾರದೇನು?" ಎಂದು ಕೇಳಿದಳು.

"ಅದನ್ನ ಕುಂಡ್ರಿಸಿದಾಕಿ ನಾನ ರೀ, ಕಾಶವ್ವಾ."

ಅವಳು ಕಪ್ಪನ್ನು ಇನ್ನಷ್ಟು ನನ್ನತ್ತ ಸರಿಸಿದಳು. "ಚಾ ಆರತೈತಿ, ಕುಡಿ" ಎಂದಳು, ಅಷ್ಟೆ.

ಮರುದಿನ ಸಾಹೇಬರ ಮುಂದೆ ನಿಂತೆ. "ಸರ್, ನೀರು ಬಿಡೋದು ಖಾತ್ರಿ ಆದಮ್ಯಾಲೆ ಮೆಸೇಜ್ ಹೋಗೂಹಂಗ ಮಾಡೂಣ್ರಿ."

ಅವರು ಪರದೆ ನನ್ನತ್ತ ತಿರುಗಿಸಿದರು. "ನೋಡ್ರಿ ಮೇಡಂ, ಒಂದಾದ್ರೂ ಕೆಂಪ ಐತೇನ್ರಿ? ಎಲ್ಲಾ ಹಸರ!"

"ಆ ಹಸರ ಮೆಸೇಜ್ ಹೋಗಿದ್ದಕ್ರಿ ಸರ್, ನೀರ ಬಂದಿದ್ದಕ್ಕಲ್ಲ."

"ಒಪ್ಪಂದದಾಗ ಮೆಸೇಜ್ ಕಳಸ್ರಿ ಅಂತಷ್ಟ ಐತ್ರಿ" ಎಂದರು.

ಆದರೂ ನಾನು ಏಜೆಂಟಿಗೊಂದು ಷರತ್ತು ಹಾಕಿದೆ. ನೀರು ಬಿಡುವವರಲ್ಲಿ ಯಾರಾದರೂ ಹೆಸರು ಹಾಕಿ "ಹೌದು, ಬಿಡುತ್ತೇವೆ" ಎಂದು ದಾಖಲಿಸಬೇಕು, ಅಲ್ಲಿಯವರೆಗೆ ಬಾಯಿ ಬಿಡಕೂಡದು. ಅಂದಿನಿಂದ ನನ್ನ ಏಜೆಂಟ್ ಮೂಕವಾಯಿತು. ಒಬ್ಬರೂ ದಾಖಲಿಸಲಿಲ್ಲ. ನೀರು ಬರದಿದ್ದರೆ ಹೆಸರು ಹಾಕಿದವನು ಉತ್ತರ ಹೇಳಬೇಕಲ್ಲ! ಏಜೆಂಟಿಗಾದರೆ ಮನೆಯಿಲ್ಲ, ಓಣಿಯಿಲ್ಲ, ಗೋಡೆಯಾಚೆ ಕಾಶವ್ವನೂ ಇಲ್ಲ. ಊರಿಗೆಲ್ಲ ಮಾತು ಕೊಡಲು ಅದಕ್ಕಿಂತ ತಕ್ಕವರು ಯಾರು?

ವಾರ ತುಂಬುವುದರೊಳಗೆ ಸಾಹೇಬರು ಬೇರೊಬ್ಬರಿಂದ ಆ ಷರತ್ತು ತೆಗೆಸಿ, ನನ್ನನ್ನು ದೂರು ಬರೆದುಕೊಳ್ಳುವ ಮೇಜಿಗೆ ಕಳಿಸಿದರು. ಪರದೆ ಮತ್ತೆ ಹಸಿರಾಯಿತು. ಹಳೆಯ ಕುರ್ಚಿ ಬಿಡುವ ಮೊದಲು ನನ್ನ ಕೈಲಾದದ್ದು ಒಂದೇ ಕೆಲಸ: ಕಾಶವ್ವನ ನಂಬರನ್ನು ಮೆಸೇಜಿನ ಪಟ್ಟಿಯಿಂದ ತೆಗೆದುಹಾಕಿದೆ.

ಸಂಜೆ ಗೋಡೆಯ ಮೇಲಿಂದ, "ಇನ್ನ ನಿಮಗ ಆ ಮೆಸೇಜ್ ಬರಂಗಿಲ್ರಿ" ಎಂದು ಹೇಳಿದೆ.

ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಚಲೋ ಆತು ಬಿಡು ಯವ್ವಾ" ಎಂದಳು. "ನೀರ ಬಂದ್ರ ನಳಾನ ಸಪ್ಪಳ ಮಾಡ್ತೈತಿ."